ಪಿಯಾನೋ ಮುಂದೆ ಕೂತವರ ಪ್ರಶ್ನೆಗಳು

ಚರ್ಚಿನಲ್ಲಿ ಪಿಯಾನೋ ಅಥವಾ ಕೀಬೋರ್ಡ್ ನುಡಿಸುವವರು, ಕ್ವಾಯರ್ (ಗಾನವೃಂದ) ನಡೆಸುವವರು ನಿಮ್ಮ ಪ್ರಶ್ನೆ ಬರೆದು ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಜಾಸ್ತಿ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವೇ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ಒಂದೇ ಥರದವನ್ನು ಸೇರಿಸಿ ಉತ್ತರ ಬರೆದಿದ್ದೇನೆ. ನಾನು ತುಮಕೂರಿನ ಒಂದು ಚರ್ಚಿನಲ್ಲಿ 22 ವರ್ಷದಿಂದ ನುಡಿಸುತ್ತಿದ್ದೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಆಂಟಿ, ನಾನು ಎರಡನೇ ಪಿಯುಸಿ. ನಮ್ಮ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅಣ್ಣ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು. ಈಗ ನನ್ನನ್ನು ಕೂರಿಸಿದ್ದಾರೆ. ನಾನು ಪಿಯಾನೋ ಪರೀಕ್ಷೆಯಲ್ಲಿ ಗ್ರೇಡ್ 3 ಮಾತ್ರ ಮುಗಿಸಿದ್ದೇನೆ. ಟ್ಯೂನ್ ಪುಸ್ತಕದಲ್ಲಿರೋ ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸೋಕೆ ಆಗುತ್ತಿಲ್ಲ. ಭಾನುವಾರ ಬಂದರೆ ಕೈ ತಣ್ಣಗಾಗುತ್ತದೆ. ಹಾಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಉಪಯೋಗಿಸಬಹುದಾ? ಏನು ಮಾಡಲಿ?
— ವಿದ್ಯಾರ್ಥಿನಿ, ತುಮಕೂರು

ಮಗಳೇ, ಮೊದಲು ಒಂದು ವಿಷಯ ತಿಳಿದುಕೋ. ಆ ಪುಟ ಬರೆದಿರುವುದು ನಾಲ್ಕು ಥರದ ಗಂಟಲಿಗೆ, ನಿನ್ನ ಎರಡು ಕೈಗಲ್ಲ. ಮೇಲಿನ ಸಾಲಿನಲ್ಲಿ ಹೆಂಗಸರ ಎತ್ತರದ ದನಿ ಸೊಪ್ರಾನೊ ಮತ್ತು ತಗ್ಗಿನ ದನಿ ಆಲ್ಟೊ, ಕೆಳಗಿನ ಸಾಲಿನಲ್ಲಿ ಗಂಡಸರ ಎತ್ತರದ ದನಿ ಟೆನರ್ ಮತ್ತು ತಗ್ಗಿನ ದನಿ ಬಾಸ್. ಟೆನರಿಗೂ ಬಾಸಿಗೂ ನಡುವೆ ಎಷ್ಟೋ ಸಲ ಒಂದು ಕೈ ಚಾಚಿದರೂ ಸಿಗದಷ್ಟು ದೂರ ಇರುತ್ತದೆ. ದೊಡ್ಡ ಪಿಯಾನಿಸ್ಟ್‌ಗಳೂ ಅಲ್ಲಿ ಟೆನರನ್ನು ಬಲಗೈಗೆ ಕೊಡುತ್ತಾರೆ, ಇಲ್ಲವೇ ಬಿಟ್ಟೇ ಬಿಡುತ್ತಾರೆ. ನೀನೂ ಬಿಡು.

ಸದ್ಯಕ್ಕೆ ಎರಡೇ ಸ್ವರ ಸಾಕು. ಬಲಗೈಯಲ್ಲಿ ಹಾಡಿನ ರಾಗ, ಎಡಗೈಯಲ್ಲಿ ಬಾಸ್. ಇವೆರಡು ಗಟ್ಟಿ ಇದ್ದರೆ ಹಾಡು ಬೀಳುವುದಿಲ್ಲ. ಬಾಸನ್ನು ಒಂದೇ ಕೈಯಲ್ಲಿ, ಬಾಯಲ್ಲಿ ಹಾಡಿಕೊಂಡು, ಕಣ್ಣು ಮುಚ್ಚಿದರೂ ಬರುವ ಹಾಗೆ ಕಲಿ. ಅದು ಕೂತ ಮೇಲೆ ಬಲಗೈಗೆ ಆಲ್ಟೊ ಸೇರಿಸು. ಟೆನರ್ ಎಲ್ಲಕ್ಕಿಂತ ಕೊನೆಗೆ, ಅವಸರವೇನಿಲ್ಲ. ಪಾಸ್ಟರ್ ಹತ್ತಿರ ಹಾಡಿನ ನಂಬರುಗಳನ್ನು ಗುರುವಾರವೇ ಕೇಳಿ ತಗೋ. ಭಾನುವಾರ ಬೆಳಿಗ್ಗೆ ಚೀಟಿ ಕೊಟ್ಟರೆ ಯಾರ ಕೈ ಆದರೂ ತಣ್ಣಗಾಗುತ್ತದೆ.

ತಪ್ಪು ಸ್ವರ ಬಿದ್ದರೆ ನಿಲ್ಲಬೇಡ, ಹಿಂದಕ್ಕೆ ಹೋಗಿ ಸರಿ ಮಾಡಬೇಡ. ಜನ ಮುಂದೆ ಹೋಗಿರುತ್ತಾರೆ. ಬಲಗೈ ತಪ್ಪಿದರೆ ಎಡಗೈ ಮಾತ್ರ ನಡೆಸು, ಮುಂದಿನ ಸಾಲಿಗೆ ಸೇರಿಕೋ.

ಶುರುವಿನಲ್ಲಿ ಎಷ್ಟು ನುಡಿಸಬೇಕು ಅಂತ ಎಲ್ಲರಿಗೂ ಗೊಂದಲ. ಸಾಮಾನ್ಯವಾಗಿ ಕೊನೆಯ ಸಾಲು ಸಾಕು, ಅದು ಮುಗಿದ ಜಾಗದಿಂದ ಮೊದಲ ಸಾಲಿಗೆ ಹೋಗುವುದು ಕಿವಿಗೆ ಸಹಜ. ಆದರೆ ಯಾವ ವೇಗದಲ್ಲಿ ಹಾಡಬೇಕೋ ಅದೇ ವೇಗದಲ್ಲಿ ನುಡಿಸು. ತುಂಬಾ ಜನ ಶುರುವನ್ನು ಭಾವದಿಂದ ಎಳೆದು ನುಡಿಸಿ, ಹಾಡು ಶುರುವಾದ ಕೂಡಲೇ ಓಡುತ್ತಾರೆ. ಕೂತವರಿಗೆ ಯಾವುದನ್ನು ನಂಬಬೇಕು ಅಂತಲೇ ತಿಳಿಯುವುದಿಲ್ಲ.

ಇನ್ನು ಉಸಿರಿನ ವಿಷಯ. ಇದನ್ನು ನನಗೆ ಕಲಿಸಿದ್ದು ಯಾವ ಗ್ರೇಡ್ ಪರೀಕ್ಷೆಯೂ ಅಲ್ಲ. ನಮ್ಮ ಚರ್ಚಿನಲ್ಲಿ ಒಬ್ಬರು ಅಜ್ಜಿ ಇದ್ದರು, ಮುಂದಿನ ಚಾಪೆಯ ಮೇಲೆ ಕೂರುತ್ತಿದ್ದರು, ಓದು ಬರದು, ಹಾಡುಗಳೆಲ್ಲ ಬಾಯಿಪಾಠ. ಮೊದಲ ವರ್ಷಗಳಲ್ಲಿ ಅವರು ನನಗಿಂತ ಅರ್ಧ ಎಣಿಕೆ ಹಿಂದೆ ಉಳಿಯುತ್ತಾರೆ ಅಂತ ನನಗೆ ಬೇಜಾರಾಗುತ್ತಿತ್ತು. ಒಂದು ದಿನ ಕರೆಂಟ್ ಹೋಗಿ ಕೀಬೋರ್ಡ್ ಸುಮ್ಮನಾಯಿತು, ಹಾಡು ನಿಲ್ಲಲಿಲ್ಲ, ಅಜ್ಜಿಯ ದನಿ ಹಿಡಿದು ಎಲ್ಲರೂ ಹಾಡಿದರು. ಆಗ ಕಿವಿಗೊಟ್ಟು ಕೇಳಿದೆ. ಅವರು ಮಾತು ಮುಗಿಯುವ ಕಡೆ ಉಸಿರು ತಗೊಳ್ಳುತ್ತಿದ್ದರು, ಸಾಲು ಮುಗಿಯುವ ಕಡೆ ಅಲ್ಲ. ಇಡೀ ಸಭೆ ಅಲ್ಲೇ ಉಸಿರು ತಗೊಳ್ಳುತ್ತಿತ್ತು. ಉಸಿರು ತಗೊಳ್ಳಲು ಜಾಗವೇ ಕೊಡದೆ ನುಡಿಸುತ್ತಿದ್ದವಳು ನಾನೊಬ್ಬಳೇ.

ಅದಕ್ಕೇ ಹೇಳುವುದು, ನುಡಿಸುವಾಗ ನೀನೂ ಹಾಡು. ಜೋರಾಗಿ ಬೇಡ, ತುಟಿ ಅಲ್ಲಾಡಿದರೆ ಸಾಕು. ನಿನಗೆ ಉಸಿರು ಬೇಕಾದ ಕಡೆ ಅವರಿಗೂ ಬೇಕು, ಅಲ್ಲಿ ಕೈ ಎತ್ತು. ಚರಣ ಮುಗಿದ ಮೇಲೆ ಕೊನೆಯ ಕಾರ್ಡನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳನ್ನು, ಅದರ ಎಣಿಕೆ ಪೂರ್ತಿ ಹಿಡಿ, ಒಂದು ಉಸಿರಿನಷ್ಟು ಬಿಡು, ಮುಂದಿನ ಚರಣ ಶುರು ಮಾಡು. ಎಲ್ಲ ಚರಣಕ್ಕೂ ಅಷ್ಟೇ ಬಿಡು. ಒಂದು ಸಲ ಜಾಸ್ತಿ, ಒಂದು ಸಲ ಕಮ್ಮಿ ಆದರೆ ಜನ ಹೆದರಿ ಹಾಡುತ್ತಾರೆ.

ಟ್ರಾನ್ಸ್‌ಪೋಸ್ ಬಟನ್ ಬಗ್ಗೆಯೂ ಕೇಳಿದ್ದೀಯ. ಉಪಯೋಗಿಸು, ಅದರಲ್ಲಿ ಅವಮಾನ ಇಲ್ಲ. ಬೆಳಿಗ್ಗೆ ಏಳೂವರೆ ಆರಾಧನೆಗೆ ಯಾರ ಗಂಟಲೂ ತೆರೆದಿರುವುದಿಲ್ಲ, ಮೇಲಿನ ಎಫ್‌ವರೆಗೆ ಹೋಗುವ ಹಾಡನ್ನು ಎರಡು ಅಥವಾ ಮೂರು ಅರ್ಧಸ್ವರ ಇಳಿಸಿದರೆ ಎಲ್ಲರೂ ಹಾಡುತ್ತಾರೆ. ಆದರೆ ಹಾಡು ಮುಗಿದ ಕೂಡಲೇ ಸೊನ್ನೆಗೆ ತಂದುಬಿಡು. ಒಂದು ಕ್ರಿಸ್‌ಮಸ್ ಆರಾಧನೆಯಲ್ಲಿ ನಾನು ಅದನ್ನು ಮರೆತು, ಕ್ವಾಯರ್‌ನವರು ಎರಡು ತಿಂಗಳು ಕಲಿತ ಹಾಡನ್ನು ಮೂರು ಅರ್ಧಸ್ವರ ಕೆಳಗೆ ಶುರು ಮಾಡಿಕೊಟ್ಟೆ. ಬಾಸ್ ಹಾಡುವವರಿಗೆ ದನಿಯೇ ಸಿಗಲಿಲ್ಲ. ಅವರ ಮುಖ ಈಗಲೂ ಕಣ್ಣ ಮುಂದೆ ಇದೆ.

ಮೇಡಂ, ನಾನು ನಿವೃತ್ತ ಶಿಕ್ಷಕ. ನಮ್ಮ ಕೀರ್ತನೆಗಳು ರಾಗ ತಾಳದಲ್ಲಿ ಇವೆ. ಹಿಂದೆ ಹಾರ್ಮೋನಿಯಂ, ತಬಲಾ, ತಾಳ ಇದ್ದವು. ಈಗಿನ ಹುಡುಗರು ಕೀಬೋರ್ಡಿನಲ್ಲಿ ಎಲ್ಲ ಹಾಡಿಗೂ ಒಂದೇ ಥರ ಕಾರ್ಡ್ ಹಾಕಿ ಬೀಟ್ ಬಿಡುತ್ತಾರೆ. ರಾಗ ಸತ್ತುಹೋಗುತ್ತದೆ. ಇನ್ನೊಂದು ಕಡೆ ಇಂಗ್ಲಿಷ್ ಟ್ಯೂನಿನ ಹಾಡುಗಳಲ್ಲಿ ಕನ್ನಡ ಪದಗಳು ಸೊಟ್ಟಗೆ ಬೀಳುತ್ತವೆ. ಪಿಯಾನೋ ನಮಗೆ ಬೇಕೇ ಬೇಕಾ?
— ಹಿರಿಯ ಓದುಗರು, ಕೋಲಾರ

ಸರ್, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಮತ್ತು ನೀವು ಹೇಳಿದ ಎರಡು ವಿಷಯವೂ ನಿಜ. ಆದರೆ ತಪ್ಪು ಪಿಯಾನೋದ್ದಲ್ಲ. ನೀವು ಪ್ರೀತಿಯಿಂದ ನೆನೆಯುವ ಹಾರ್ಮೋನಿಯಂ ಕೂಡ ಹೊರಗಿನಿಂದಲೇ ಬಂದದ್ದು. 1840ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಅದಕ್ಕೆ ಪೇಟೆಂಟ್ ಪಡೆದರು, ಕಾಲಲ್ಲಿ ತುಳಿದು ನುಡಿಸುವ ಪೆಟ್ಟಿಗೆ ಅದು. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಳಿ ಹಾಕುತ್ತಾ ನುಡಿಸುವ ಹಾಗೆ ಅದನ್ನು 1875ರ ಹೊತ್ತಿಗೆ ಕಲ್ಕತ್ತದಲ್ಲಿ ದ್ವಾರಕಾನಾಥ ಘೋಷ್ ಮಾಡಿಕೊಟ್ಟರು. ನಮ್ಮ ಜನ ಅದನ್ನು ನಮ್ಮ ಹಾಡಿಗೆ ಬಗ್ಗಿಸಿಕೊಂಡರು. ಪಿಯಾನೋವನ್ನೂ ಬಗ್ಗಿಸಿಕೊಳ್ಳಬಹುದು, ಆದರೆ ಅದಕ್ಕೆ ರಾಗ ಗೊತ್ತಿರಬೇಕು.

ನಿಮ್ಮ ಹುಡುಗರಿಗೆ ತೋರಿಸಿಕೊಡಿ. ಒಂದು ಕೀರ್ತನೆ ಮಾಯಾಮಾಳವಗೌಳದಲ್ಲಿ ಇದೆ, ಸಿ ಅನ್ನು ಷಡ್ಜ ಮಾಡಿಕೊಂಡಿದ್ದೇವೆ ಅಂತಿಟ್ಟುಕೊಳ್ಳಿ. ಸ ಗ ಪ ಸೇರಿದರೆ ಸಿ ಮೇಜರ್, ಅದು ಸರಿ. ಮ ದ ಸ ಸೇರಿದರೆ ಎಫ್ ಮೈನರ್, ಅದೂ ರಾಗದ ಒಳಗಿನದೇ. ಆದರೆ ಹುಡುಗರ ಕೈ ಅಭ್ಯಾಸದಿಂದ ಎಫ್ ಮೇಜರ್‌ಗೂ ಜಿ ಮೇಜರ್‌ಗೂ ಹೋಗುತ್ತದೆ. ಜಿ ಮೇಜರ್‌ನಲ್ಲಿ ಡಿ ಇದೆ, ಅಂದರೆ ಚತುಶ್ರುತಿ ರಿಷಭ. ಈ ರಾಗದ್ದು ಶುದ್ಧ ರಿಷಭ, ಅದು ಡಿ ಫ್ಲ್ಯಾಟ್. ಹಾಡುವವರು ಒಂದು ರಿಷಭ ಹಾಡುತ್ತಿದ್ದಾರೆ, ಕೀಬೋರ್ಡ್ ಇನ್ನೊಂದು ರಿಷಭ ಹೇಳುತ್ತಿದೆ. ನಿಮ್ಮ ಕಿವಿಗೆ ಚುಚ್ಚುವುದು ಅದೇ. ಅಲ್ಲಿ ಪೂರ್ತಿ ಕಾರ್ಡ್ ಬೇಡ, ಪ ಮತ್ತು ನಿ ಎರಡೇ ಒತ್ತಿದರೆ ಸಾಕು. ಮೋಹನದಲ್ಲೂ ಹಾಗೇ. ಮ ಇಲ್ಲ, ನಿ ಇಲ್ಲ. ಎಫ್ ಕಾರ್ಡ್ ಬರಲೇ ಬಾರದು. ಸಿ ಮೇಜರ್, ಎ ಮೈನರ್, ಮತ್ತೆ ಜಿ ಜೊತೆ ಡಿ ಮಾತ್ರ. ಅಷ್ಟರಲ್ಲೇ ಇಡೀ ಕೀರ್ತನೆ ನಡೆಯುತ್ತದೆ. ಶಂಕರಾಭರಣ ಮಾತ್ರ ಮೇಜರ್ ಸ್ಕೇಲಿನ ಸ್ವರಗಳೇ ಆದ್ದರಿಂದ ಅಲ್ಲಿ ಅವರಿಗೆ ಸ್ವಲ್ಪ ಸ್ವಾತಂತ್ರ್ಯ ಕೊಡಿ.

ಇನ್ನೊಂದು ಮಾತು. ಕೀರ್ತನೆಗೆ ರಾಗವನ್ನು ಬಲಗೈಯಲ್ಲಿ ಒತ್ತುತ್ತಾ ಹೋಗಬಾರದು. ಪಿಯಾನೋಕ್ಕೆ ಗಮಕ ಬರುವುದಿಲ್ಲ, ಗಂಟಲಿಗೆ ಬರುತ್ತದೆ. ಗಂಟಲು ಜಾರುವ ಕಡೆ ಪಿಯಾನೋ ಮೆಟ್ಟಿಲು ಇಳಿದ ಹಾಗೆ ಕೇಳಿಸುತ್ತದೆ. ಎಡಗೈಯಲ್ಲಿ ತಂಬೂರಿ ಥರ ಸ ಪ ಹಿಡಿದು, ಬಲಗೈಯಲ್ಲಿ ಆಗೊಮ್ಮೆ ಈಗೊಮ್ಮೆ ಎರಡು ಸ್ವರ ಇಟ್ಟು, ಹಾಡನ್ನು ಹಾಡುವವರಿಗೇ ಬಿಡಬೇಕು. ಆಟೋ ಬೀಟ್ ಬಟನ್ ಆಫ್ ಮಾಡಿಸಿ. ಮಿಶ್ರಚಾಪು 3 ಮತ್ತು 4 ಸೇರಿ 7 ಎಣಿಕೆ. ಅದಕ್ಕೆ ನಾಲ್ಕರ ಬೀಟ್ ಹಾಕಿದರೆ ಹಾಡು ಕುಂಟುತ್ತದೆ. ತಬಲಾ ನುಡಿಸುವವರು ಇನ್ನೂ ಇದ್ದರೆ ದಯವಿಟ್ಟು ಅವರನ್ನು ಕರೆತನ್ನಿ.

ಇಂಗ್ಲಿಷ್ ಟ್ಯೂನಿಗೆ ಕನ್ನಡ ಸೊಟ್ಟಗೆ ಬೀಳುವುದಕ್ಕೆ ಕಾರಣ ಇದೆ. ನಾವು ಕನ್ನಡ ಮಾತಾಡುವಾಗ ಪದದ ಮೊದಲ ಅಕ್ಷರದ ಮೇಲೆ ಸ್ವಲ್ಪ ತೂಕ ಇಡುತ್ತೇವೆ. ಇಂಗ್ಲಿಷಿನ ತುಂಬಾ ಹಾಡುಗಳು ತಾಳದ ಪೆಟ್ಟಿಗೆ ಮೊದಲೇ, ಒಂದು ಹಗುರ ಸ್ವರದಿಂದ ಶುರುವಾಗುತ್ತವೆ. 'ಅಮೇಜಿಂಗ್ ಗ್ರೇಸ್' ಟ್ಯೂನ್ ತಗೊಳ್ಳಿ, ಮೂರು ಎಣಿಕೆಯದು. ಮೊದಲ ಸ್ವರ ಒಂದು ಎಣಿಕೆ, ಹಗುರ. ಎರಡನೆಯದು ಪೆಟ್ಟಿನ ಮೇಲೆ, ಎರಡು ಎಣಿಕೆ. ಅಲ್ಲಿ 'ದೇವರ' ಅನ್ನೋ ಪದ ಕೂರಿಸಿ ನೋಡಿ. ದೀರ್ಘವಾದ 'ದೇ' ಒಂದೇ ಎಣಿಕೆಯಲ್ಲಿ ಓಡುತ್ತದೆ, ಹ್ರಸ್ವವಾದ 'ವ' ಎರಡು ಎಣಿಕೆ ಎಳೆಯುತ್ತದೆ. 'ದೆವಾರ' ಅಂತ ಕೇಳಿಸುತ್ತದೆ. ಅದರ ಮೇಲೆ ಪಿಯಾನೋದವರು ಪೆಟ್ಟಿನ ಜಾಗದಲ್ಲಿ ಬಾಸನ್ನು ಜೋರಾಗಿ ಕುಟ್ಟಿದರೆ ಮುಗಿಯಿತು.

ಇದಕ್ಕೆ ನಾನು ಮಾಡುವುದು ಇಷ್ಟು. ಎಡಗೈ ಬಾಸನ್ನು 'ದೇ' ಜೊತೆಗೇ ಇಡುತ್ತೇನೆ. ಆ ಸ್ವರವನ್ನು ಪೂರ್ತಿ ಹಿಡಿಯುತ್ತೇನೆ, ಅರಿವಾಗದಷ್ಟು ಸ್ವಲ್ಪ ಜಾಸ್ತಿಯೇ. ಪೆಟ್ಟಿನ ಮೇಲೆ ಕೈ ಹಗುರ ಮಾಡುತ್ತೇನೆ. ಕನ್ನಡ ನೆಟ್ಟಗೆ ಕೇಳುತ್ತದೆ. ಇನ್ನೊಂದು ದಾರಿ, ಪೆಟ್ಟಿನ ಮೇಲೆಯೇ ಶುರುವಾಗುವ ಟ್ಯೂನುಗಳನ್ನು ಜಾಸ್ತಿ ಆರಿಸುವುದು. 'ವಾಟ್ ಎ ಫ್ರೆಂಡ್' ಟ್ಯೂನ್ ಹಾಗಿದೆ, ಚಾರ್ಲ್ಸ್ ಕಾನ್ವರ್ಸ್ 1868ರಲ್ಲಿ ಮಾಡಿದ್ದು. 'ಸೈಲೆಂಟ್ ನೈಟ್' ಕೂಡ. ಅದನ್ನು 1818ರ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಮೊದಲು ಹಾಡಿದರು, ಫ್ರಾನ್ಸ್ ಗ್ರೂಬರ್ ಟ್ಯೂನು, ಪಕ್ಕದಲ್ಲಿ ಒಂದು ಗಿಟಾರ್ ಮಾತ್ರ. ಅದು ನಮ್ಮ ಭಾಷೆಯಲ್ಲಿ ಅಷ್ಟು ಸಲೀಸಾಗಿ ಕೂರುವುದಕ್ಕೆ ಈ ಎತ್ತುಗಡೆಯೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಟ್ಯೂನ್ ಪುಸ್ತಕದಲ್ಲಿ ಹಾಡಿನ ಮೇಲೆ 8.6.8.6 ಅಥವಾ 8.7.8.7 ಅಂತ ಅಂಕಿ ಇರುತ್ತದೆ ಅಲ್ವಾ, ಅದು ಸಾಲಿಗೆ ಎಷ್ಟು ಅಕ್ಷರ ಅನ್ನೋ ಲೆಕ್ಕ. ಒಂದೇ ಲೆಕ್ಕದ ಹಾಡುಗಳಿಗೆ ಟ್ಯೂನ್ ಅದಲು ಬದಲು ಮಾಡಬಹುದು ಅಂತ ಕಲಿಸುತ್ತಾರೆ. ಕನ್ನಡದಲ್ಲಿ ಬರೀ ಅಕ್ಷರ ಎಣಿಸಿದರೆ ಸಾಲದು, ಲಘು ಗುರು ನೋಡಬೇಕು. ನಿಘಂಟು ಕೊಟ್ಟ ಕಿಟೆಲ್ ನಾಗವರ್ಮನ ಛಂದಶ್ಶಾಸ್ತ್ರವನ್ನೇ ಕೂತು ಸಂಪಾದಿಸಿ 1875ರಲ್ಲಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದ ಮಿಷನರಿ ನಮ್ಮ ಮಾತ್ರೆ ಗಣಗಳಿಗೆ ಅಷ್ಟು ಗೌರವ ಕೊಟ್ಟಿದ್ದಾರೆ. ನಾವು ಒಂದು ಹಾಡು ಆರಿಸುವ ಮೊದಲು ಅದನ್ನು ಒಮ್ಮೆ ಜೋರಾಗಿ ಓದಿ ನೋಡಬಹುದು.

ಕಾಣಿಕೆ ಎತ್ತುವಾಗ ಏನು ನುಡಿಸಲಿ? ಪ್ರತಿ ವಾರ ಅದೇ ಎರಡು ತುಣುಕು ನುಡಿಸಿ ನನಗೇ ಸಾಕಾಗಿದೆ. ಜನ ಕಮ್ಮಿ ಇದ್ದ ದಿನ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಹಬ್ಬದ ದಿನ ಆರು ನಿಮಿಷ ಆದರೂ ಮುಗಿಯುವುದಿಲ್ಲ.
— ಕೀಬೋರ್ಡ್ ನುಡಿಸುವ ಅಣ್ಣ, ತಿಪಟೂರು

ಅಣ್ಣ, ಆ ದಿನ ಹಾಡಿದ ಅಥವಾ ಇನ್ನು ಹಾಡಲಿರುವ ಹಾಡನ್ನೇ ತಗೊಳ್ಳಿ. ಮೊದಲ ಸುತ್ತು ಬರೀ ರಾಗ, ಒಂದೇ ಕೈ, ಕೆಳಗೆ ಏನೂ ಬೇಡ. ಎರಡನೇ ಸುತ್ತು ರಾಗವನ್ನು ಎಡಗೈಗೆ ಇಳಿಸಿ, ಬಲಗೈಯಲ್ಲಿ ಕಾರ್ಡನ್ನು ಬಿಡಿಸಿ ಮೆಲ್ಲಗೆ ನುಡಿಸಿ. ಮೂರನೆಯದು ಎರಡೂ ಕೈ ತುಂಬ. ನಾಲ್ಕು ಸಾಲಿನ ಹಾಡಾದರೆ ಯಾವ ಸಾಲಿನ ಕೊನೆಯಿಂದಲಾದರೂ ಮೂಲ ಕಾರ್ಡಿಗೆ ಬಂದು ನಿಲ್ಲುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಕಾಣಿಕೆ ಚೀಲ ಮುಂದೆ ಬಂದ ಮೇಲೂ ನಿಮ್ಮ ತುಣುಕು ಮುಗಿಯಲಿ ಅಂತ ಪಾಸ್ಟರ್ ನಿಂತು ಕಾಯುವ ಹಾಗೆ ಆಗಬಾರದು.

ಪಿಯಾನೋದಲ್ಲಿ ಒಂದು ಗಮನ ಇರಲಿ. ಆರ್ಗನ್ ಸ್ವರ ಬೆರಳು ಎತ್ತುವವರೆಗೂ ನಿಲ್ಲುತ್ತದೆ, ಪಿಯಾನೋ ಸ್ವರ ಒತ್ತಿದ ಕ್ಷಣದಿಂದಲೇ ಸಾಯುತ್ತಾ ಬರುತ್ತದೆ. ಉದ್ದ ಸ್ವರ ಬಂದ ಕಡೆ ಸುಮ್ನೆ ಹಿಡಿದರೆ ಖಾಲಿ ಆಗುತ್ತದೆ, ಅಲ್ಲಿ ಕಾರ್ಡನ್ನು ಬಿಡಿಸಿ ನುಡಿಸಬೇಕು. ಪೆಡಲನ್ನು ಕಾರ್ಡ್ ಬದಲಾದಾಗಲೆಲ್ಲ ಬದಲಿಸಿ.

ಬರೆದಿಟ್ಟ ಸಂಗೀತವೇ ಬೇಕು ಅಂದರೆ, ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲೇ ಒಳ್ಳೆಯವು ಇವೆ. ಶೂಮನ್ 1848ರ ಮಕ್ಕಳ ಆಲ್ಬಮ್‌ನಲ್ಲಿ ನಾಲ್ಕನೆಯದು ಒಂದು ಕೋರಾಲ್, ಅಂದರೆ ಹಳೆಯ ಚರ್ಚ್ ಹಾಡು, ಜಿ ಮೇಜರ್‌ನಲ್ಲಿ, ಒಂದೇ ಪುಟ. ಚೈಕೋವ್‌ಸ್ಕಿಯ 1878ರ ಮಕ್ಕಳ ಆಲ್ಬಮ್‌ನಲ್ಲಿ ಬೆಳಗಿನ ಪ್ರಾರ್ಥನೆ ಅಂತ ಒಂದು, ಚರ್ಚಿನಲ್ಲಿ ಅಂತ ಒಂದು ತುಣುಕು ಇವೆ. ಬುರ್ಗ್‌ಮ್ಯುಲರ್‌ನ 25 ಸಣ್ಣ ಪಾಠಗಳಲ್ಲಿ 19ನೆಯದು ಆವೆ ಮರಿಯಾ. ನಾಲ್ಕೂ ಕೈಗೆ ಸುಲಭ. ಮೆಲ್ಲಗೆ ನುಡಿಸಿದರೆ ಪ್ರಾರ್ಥನೆಯ ಹಾಗೇ ಇರುತ್ತವೆ.

ನಮ್ಮ ಮನೆಯ ಹಳೇ ಪಿಯಾನೋ ಚರ್ಚಿಗೆ ಕೊಡಬೇಕು ಅಂತಿದ್ದೇವೆ. ಅಜ್ಜನ ಕಾಲದ್ದು, ಗಣಿ ನಡೆಯುತ್ತಿದ್ದಾಗ ಬಂಗಲೆಯಿಂದ ಬಂದದ್ದು. ಕೆಲವು ಮನೆಗಳು (ಒತ್ತುವ ಕೀಗಳು) ಅಂಟಿಕೊಂಡಿವೆ. ರಿಪೇರಿ ಮಾಡಿಸಿ ಕೊಡೋದಾ, ಇಲ್ಲಾ ಆ ದುಡ್ಡಲ್ಲಿ ಹೊಸ ಡಿಜಿಟಲ್ ಪಿಯಾನೋ ಕೊಡೋದಾ?
— ಓದುಗರು, ಕೆಜಿಎಫ್

ಗಣಿ 2001ರಲ್ಲಿ ಮುಚ್ಚಿದ ಮೇಲೆ ಎಷ್ಟೋ ಮನೆಯವರು ಊರು ಬಿಟ್ಟರು, ಎತ್ತಲಾಗದ ಪಿಯಾನೋಗಳು ಅಲ್ಲೇ ಉಳಿದವು. ನಿಮ್ಮದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೀರಿ, ಅದೇ ದೊಡ್ಡ ಮಾತು.

ದುಡ್ಡು ಹಾಕುವ ಮೊದಲು ತೆಗೆದು ನೋಡಿ. ಕೀಲಿಮಣೆಯ ಕೆಳಗಿನ ಹಲಗೆಯನ್ನು ಒಂದು ಸ್ಪ್ರಿಂಗ್ ಪಟ್ಟಿ ಹಿಡಿದಿರುತ್ತದೆ, ಅದನ್ನು ಮೇಲಕ್ಕೆ ಒತ್ತಿದರೆ ಹಲಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಚರ್ಚಿನದನ್ನು ಹೀಗೆ ತೆಗೆದಾಗ ಒಳಗೆ ಇಲಿಗೂಡು ಇತ್ತು. ಸುತ್ತಿಗೆಗಳ ಫೆಲ್ಟನ್ನು ಕಡಿದು ಹತ್ತಿಯ ಹಾಗೆ ಮಾಡಿ ಹಾಸಿಗೆ ಹಾಕಿದ್ದವು. ಅದರಲ್ಲಿ ಕಾಣಿಕೆ ಕವರಿನ ಚೂರು, ಕಡ್ಲೆಕಾಯಿ ಸಿಪ್ಪೆ, ಅರ್ಧ ಮೇಣದಬತ್ತಿ. ಎರಡು ಪೆಡಲ್ ಕೆಲಸ ಮಾಡದಿರುವುದಕ್ಕೆ ಅಷ್ಟೇ ಕಾರಣ.

ಇಲಿ, ನುಸಿ, ತುಕ್ಕು, ಅಂಟಿದ ಮನೆ ಇವಕ್ಕೆಲ್ಲ ರಿಪೇರಿ ಇದೆ. ಎರಡಕ್ಕೆ ಮಾತ್ರ ಇಲ್ಲ ಅಂತಲೇ ಹೇಳಬೇಕು. ಒಂದು, ಒಳಗಿನ ಎರಕದ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದ್ದರೆ. ಪಿಯಾನೋದಲ್ಲಿ 200ಕ್ಕೂ ಜಾಸ್ತಿ ತಂತಿ ಇವೆ, ಅವೆಲ್ಲ ಸೇರಿ ಎಳೆಯುವ ಬಲ 15 ಟನ್ನಿಗೂ ಮೇಲೆ, ಅದನ್ನು ಹೊರುವುದು ಆ ಚೌಕಟ್ಟು. ಇನ್ನೊಂದು, ಗೆದ್ದಲು. ಟ್ಯೂನಿಂಗ್ ಮೊಳೆಗಳು ಕೂತಿರುವ ಮರಕ್ಕೆ ಗೆದ್ದಲು ಹೋಗಿದ್ದರೆ ಮೊಳೆ ನಿಲ್ಲುವುದಿಲ್ಲ, ಇವತ್ತು ಶ್ರುತಿ ಮಾಡಿದರೆ ನಾಳೆ ಜಾರುತ್ತದೆ.

ಇವೆರಡೂ ಇಲ್ಲ ಅಂದರೆ ರಿಪೇರಿ ಮಾಡಿಸಿ ಅನ್ನುತ್ತೇನೆ. ಆದರೆ ಬಂದವರಿಗೆ ಮೊದಲೇ ಹೇಳಿ, ಶ್ರುತಿಯನ್ನು ಒಂದೇ ದಿನ ಎಳೆಯಬೇಡಿ ಅಂತ. ಎಷ್ಟೋ ವರ್ಷ ಮುಟ್ಟದ ಪಿಯಾನೋ ಅರ್ಧಸ್ವರ ಇಳಿದಿರುತ್ತದೆ. ನಮ್ಮಲ್ಲಿಗೆ ಬಂದವರೊಬ್ಬರು ಸಂಜೆ ಬಸ್ಸು ಹಿಡಿಯಬೇಕು ಅಂತ ಒಂದೇ ಸಲಕ್ಕೆ ಎಳೆದರು, ಮೂರು ತಂತಿ ಪಟ್ ಅಂತ ಹರಿದವು. ಎರಡು ಮೂರು ಸಲಕ್ಕೆ, ನಡುವೆ ಕೆಲವು ವಾರ ಬಿಟ್ಟು ಮೇಲಕ್ಕೆ ತರಬೇಕು. ಚರ್ಚಿನಲ್ಲಿ ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ. ಕೋಲಾರದ ಬೇಸಿಗೆಯ ಒಣಗಾಳಿಗೆ ಮರ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ, ಹಾಗಾಗಿ ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸುವ ಖರ್ಚನ್ನೂ ಕಮಿಟಿಯವರು ಈಗಲೇ ಒಪ್ಪಿಕೊಳ್ಳಲಿ. ಮೇಲೆ ಹೂವಿನ ಕುಂಡ ಇಡಲು ಬಿಡಬೇಡಿ.

ಅವರು ಆ ಖರ್ಚಿಗೆ ಒಪ್ಪದಿದ್ದರೆ ಡಿಜಿಟಲ್ ಕೊಡಿ. 88 ಮನೆ, ಒತ್ತಿದರೆ ತೂಕ ತಿಳಿಯುವಂಥದ್ದು, ಪೆಡಲ್ ಸಮೇತ. ಜೊತೆಗೆ ಯುಪಿಎಸ್.

ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಬಲಿಪೂಜೆಗೆ ಮುಂಚೆ ಪಿಯಾನೋ ನುಡಿಸಬೇಡಿ ಅಂತ ನಮ್ಮ ಫಾದರ್ ಹೇಳಿದರು. ನಾನೇನಾದರೂ ತಪ್ಪು ಮಾಡಿದೆನಾ?
— ಗಾನವೃಂದದ ಸದಸ್ಯೆ, ಕೆಜಿಎಫ್

ಇಲ್ಲಮ್ಮ, ಅದು ಕಥೋಲಿಕ ಸಭೆಯ ನಿಯಮ. ತಪಸ್ಸುಕಾಲದಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ, ಒಂಟಿಯಾಗಿ ನುಡಿಸುವಂತಿಲ್ಲ. ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೆ ಮತ್ತು ನಡುವೆ ಬರುವ ಮಹಾಹಬ್ಬ, ಹಬ್ಬಗಳಿಗೆ ವಿನಾಯಿತಿ ಇದೆ. ಪವಿತ್ರ ಗುರುವಾರದ ಗ್ಲೋರಿಯಾ ಎಂಬ ಸ್ತುತಿಹಾಡು ಆದ ಮೇಲೆ ಈಸ್ಟರ್ ಜಾಗರಣೆಯ ಗ್ಲೋರಿಯಾವರೆಗೂ ವಾದ್ಯ ಹಾಡಿಗೆ ಆಸರೆ ಮಾತ್ರ. ಜಾಗರಣೆಯ ರಾತ್ರಿ ಗ್ಲೋರಿಯಾಕ್ಕೆ ಗಂಟೆ ಹೊಡೆಯುವಾಗ ಎರಡೂ ಕೈ ತುಂಬ ನುಡಿಸಿ. ಅಷ್ಟು ದಿನ ಸುಮ್ಮನಿದ್ದದ್ದರ ಬೆಲೆ ಆಗ ತಿಳಿಯುತ್ತದೆ.

ನಮ್ಮ ಕ್ವಾಯರ್‌ನಲ್ಲಿ ಒಂಬತ್ತು ಜನ. ಏಳು ಹೆಂಗಸರು, ಗಂಡಸರು ಇಬ್ಬರೇ. ನಾಲ್ಕು ಪಾರ್ಟ್ ಹಾಡೋಕೆ ಆಗುತ್ತಾ? ಈ ಕ್ರಿಸ್‌ಮಸ್‌ಗೆ ಹಲ್ಲೆಲೂಯ ಕೋರಸ್ ಹಾಡಲೇಬೇಕು ಅಂತ ಎಲ್ಲರಿಗೂ ಆಸೆ.
— ಕ್ವಾಯರ್ ನಡೆಸುವವರು, ಚಿಕ್ಕಬಳ್ಳಾಪುರ

ಅಕ್ಕ, ಆಸೆ ನನಗೆ ಗೊತ್ತು. ಆ ಕೋರಸ್ ಬರುವ 'ಮೆಸೈಯಾ' ಎಂಬ ಇಡೀ ಕೃತಿಯನ್ನು ಹ್ಯಾಂಡೆಲ್ 1741ರಲ್ಲಿ 24 ದಿನದಲ್ಲಿ ಬರೆದು ಮುಗಿಸಿದ, ಮುಂದಿನ ವರ್ಷ ಡಬ್ಲಿನ್‌ನಲ್ಲಿ ಮೊದಲ ಸಲ ಹಾಡಿದರು. ಆದರೆ ಆ ಕೋರಸ್ಸಿನಲ್ಲಿ ನಾಲ್ಕು ಪಾರ್ಟೂ ಬೇರೆ ಬೇರೆ ಹೊತ್ತಿಗೆ ಎದ್ದು ಬರುತ್ತವೆ, ಸೊಪ್ರಾನೊ ಮೇಲಿನ ಎ ಸ್ವರದವರೆಗೆ ಹೋಗುತ್ತದೆ. ಒಬ್ಬ ಟೆನರ್, ಒಬ್ಬ ಬಾಸ್ ಅದನ್ನು ಹೊರಲಾರರು. ಅವರಲ್ಲಿ ಒಬ್ಬರಿಗೆ ನೆಗಡಿ ಆದರೂ ಮುಗಿಯಿತು. ಈ ವರ್ಷ ಬೇಡ ಅಂತ ನೇರವಾಗಿ ಹೇಳುತ್ತೇನೆ.

ನಿಮ್ಮ ಒಂಬತ್ತು ಜನಕ್ಕೆ ಮೂರು ಪಾರ್ಟ್ ಸರಿ. ಸೊಪ್ರಾನೊ ನಾಲ್ಕು, ಆಲ್ಟೊ ಮೂರು, ಗಂಡಸರಿಬ್ಬರೂ ಒಂದೇ ಪಾರ್ಟ್. ಗಂಡಸರ ಪಾರ್ಟ್ ತೀರ ಕೆಳಗೂ ಬೇಡ, ಮೇಲೂ ಬೇಡ, ನಡುವಿನ ಸಿಯಿಂದ ಒಂದು ಆಕ್ಟೇವ್ ಕೆಳಗಿನ ಒಳಗೇ ಇರಲಿ. ಇದಕ್ಕೆ ಎಸ್‌ಎಬಿ ಅಂತ ಬರೆದಿರುವ ಸಂಗೀತ ಹುಡುಕಿ. ಇಂಟರ್‌ನೆಟ್ಟಿನಲ್ಲಿ ಸಿಪಿಡಿಎಲ್ ಅಂತ 1998ರಿಂದ ನಡೆಯುತ್ತಿರುವ ಸಂಗ್ರಹ ಇದೆ, ಕ್ವಾಯರ್ ಸಂಗೀತ ಅಲ್ಲಿ ಪುಕ್ಕಟೆ ಸಿಗುತ್ತದೆ.

ಪಾರ್ಟ್ ಹಾಡುವ ಕಿವಿ ಬರಬೇಕಾದರೆ ಮೊದಲು ಬೆನ್ನಟ್ಟಿ ಹಾಡುವ ಹಾಡುಗಳಿಂದ ಶುರು ಮಾಡಿ. ಥಾಮಸ್ ಟ್ಯಾಲಿಸ್ 1567ರ ಹೊತ್ತಿಗೆ ಕೊಟ್ಟ ಕ್ಯಾನನ್ ಇದೆ, ಎಂಟು ಎಂಟು ಅಕ್ಷರದ ನಾಲ್ಕು ಸಾಲು. ಒಂದು ಗುಂಪು ಶುರು ಮಾಡುತ್ತದೆ, ನಾಲ್ಕು ಎಣಿಕೆ ಆದ ಮೇಲೆ ಇನ್ನೊಂದು ಗುಂಪು ಅದೇ ರಾಗ ಹಿಡಿಯುತ್ತದೆ. ಎಲ್ಲರೂ ಕಲಿಯುವುದು ಒಂದೇ ರಾಗ, ಕೇಳಿಸುವುದು ಎರಡು. ನೀವು ಪಿಯಾನೋದಲ್ಲಿ ಎರಡನ್ನೂ ನುಡಿಸಿ ಕಲಿಸಿ, ಆಮೇಲೆ ಒಂದನ್ನು ಬಿಡಿ, ಕೊನೆಗೆ ಎರಡನ್ನೂ ಬಿಡಿ. ಪ್ರಾಕ್ಟೀಸಿಗೆ ಪ್ರತಿ ಸಲ ಪೂರ್ತಿ ಪಿಯಾನೋ ಇದ್ದರೆ ಕ್ವಾಯರ್ ಅದಕ್ಕೆ ಒರಗಿಕೊಂಡುಬಿಡುತ್ತದೆ. ಆಲ್ಟೊದವರಿಗೆ ಅವರ ಪಾರ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಮಾಡಿ. ಅಡುಗೆ ಮಾಡುತ್ತಾ ಕೇಳಿಕೊಳ್ಳುತ್ತಾರೆ.

ಒಂದು ಪುಸ್ತಕ ಕೊಂಡು ಹದಿನೈದು ಜೆರಾಕ್ಸ್ ಮಾಡಿದರೆ ತಪ್ಪಾ? ದೇವರ ಕೆಲಸಕ್ಕೆ ತಾನೇ?
— ಮಾಲೂರು

ಹಾಡುವುದಕ್ಕೂ ಜೆರಾಕ್ಸಿಗೂ ವ್ಯತ್ಯಾಸ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡುವುದು, ನುಡಿಸುವುದನ್ನು ಉಲ್ಲಂಘನೆ ಅನ್ನುವುದಿಲ್ಲ. ಪುಸ್ತಕ ನಕಲು ಮಾಡುವುದಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಬರೆದವರು ತೀರಿಹೋಗಿ 60 ವರ್ಷ ದಾಟಿದ್ದರೆ ಸಂಗೀತ ಎಲ್ಲರದು. ಆದರೆ ಹಳೆಯ ಟ್ಯೂನಿಗೆ ಈಗಿನವರು ಮಾಡಿದ ಹೊಸ ಅರೇಂಜ್‌ಮೆಂಟ್ ಇದ್ದರೆ ಅದು ಅವರದೇ. ಚರ್ಚಿನ ಪಿಯಾನೋಕ್ಕೆ ಬರೆದು ಬದುಕುವವರು ತುಂಬಾ ಕಮ್ಮಿ ಜನ, ಅವರೂ ನಮ್ಮ ಹಾಗೇ. ಹದಿನೈದು ಪ್ರತಿ ಕೊಳ್ಳಿ, ಆಗದಿದ್ದರೆ ಬರೆದು ಅನುಮತಿ ಕೇಳಿ.

ಎಲ್ಲರೂ ಕಣ್ಣು ಮುಚ್ಚಿ ಆರಾಧನೆ ಮಾಡುತ್ತಿರುತ್ತಾರೆ. ನಾನು ಪುಟ ತಿರುವುತ್ತಾ, ಪೆಡಲ್ ಒತ್ತುತ್ತಾ ಕೆಲಸ ಮಾಡುತ್ತಿರುತ್ತೇನೆ. ಹತ್ತು ವರ್ಷದಿಂದ ನಾನು ಒಂದು ಆರಾಧನೆಯನ್ನೂ ಪೂರ್ತಿ ಮಾಡಿಲ್ಲ ಅನಿಸುತ್ತದೆ.
— ಹೆಸರು ಬೇಡ, ಗೌರಿಬಿದನೂರು

ಈ ಪತ್ರವನ್ನು ನಾನು ಎರಡು ಸಲ ಓದಿದೆ. ನನಗೂ ಹೀಗೇ ಅನಿಸಿದ ವರ್ಷಗಳಿವೆ, ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ನಾನು ಮಾಡಿಕೊಂಡ ಎರಡು ಅಭ್ಯಾಸ ಹೇಳುತ್ತೇನೆ. ಶನಿವಾರ ರಾತ್ರಿ ಪಿಯಾನೋ ಮುಚ್ಚಿ, ಮಾರನೇ ದಿನದ ಹಾಡುಗಳನ್ನು ಬರೀ ಮಾತಾಗಿ ಓದುತ್ತೇನೆ, ಮೆಲ್ಲಗೆ, ಬಾಯಿಬಿಟ್ಟು. ಕೈಗೆ ಕೆಲಸ ಇಲ್ಲದಾಗ ಆ ಮಾತು ನನಗೇ ಹೇಳಿದ ಹಾಗೆ ಕೇಳಿಸುತ್ತದೆ. ಇನ್ನೊಂದು, ಎಲ್ಲರಿಗೂ ಚೆನ್ನಾಗಿ ಗೊತ್ತಿರುವ ಒಂದು ಹಾಡಿನಲ್ಲಿ, ಮೂರನೇ ಚರಣ ಬಂದಾಗ ನುಡಿಸುವುದನ್ನು ನಿಲ್ಲಿಸುತ್ತೇನೆ. ಪಾಸ್ಟರಿಗೆ ಮೊದಲೇ ಹೇಳಿರುತ್ತೇನೆ. ಎರಡನೇ ಚರಣದ ಕೊನೆಯ ಕಾರ್ಡ್ ಬಿಟ್ಟು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲರ ಜೊತೆ ಹಾಡುತ್ತೇನೆ. ಮೊದಲ ಸಾಲಿಗೆ ಜನ ಸ್ವಲ್ಪ ಬೆದರುತ್ತಾರೆ. ಎರಡನೇ ಸಾಲಿಗೆ ದನಿ ತುಂಬಿಕೊಳ್ಳುತ್ತದೆ.

ಬರುವ ಭಾನುವಾರ ಮಾಡಿ ನೋಡಿ. ನಾಲ್ಕನೇ ಚರಣಕ್ಕೆ ಪಿಯಾನೋ ಸೇರಿಸುವಾಗ ಶ್ರುತಿ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ಒಂದು ಕಾರ್ಡ್ ಮೊದಲೇ ಕೊಟ್ಟರೆ ಅವರೇ ಬಂದು ಸೇರಿಕೊಳ್ಳುತ್ತಾರೆ. ಹೇಗಿತ್ತು ಅಂತ ನನಗೆ ಬರೆಯಿರಿ.